ಶೇರ್ ಖಾನ್‌ನನ್ನು ಮತ್ತೆ ಕಂಡಾಗ

ಚಿಕ್ಕಂದಿನಲ್ಲಿ ಮನಸಾರೆ ಪ್ರೀತಿಸಿದ್ದೊಂದು ದೊಡ್ಡವರಾದ ಮೇಲೆ ಮತ್ತೆ ಎದುರಿಗೆ ಬಂದರೆ ಅದರೊಂದಿಗೆ ಹೇಗೆ ನಡೆದುಕೊಳ್ಳಬೇಕು? ಪ್ರಶ್ನೆ ಸಣ್ಣದೆಂದು ತೋರಬಹುದು. ಬಾಲ್ಯದ ಬುಗುರಿಯೋ ಊರ ಮುಂದಿನ ಹುಣಸೆ ಮರವೋ ಆಗಿದ್ದರೆ ಅದು ಸಣ್ಣದೇ. ಆದರೆ ಪ್ರೀತಿಸಿದ್ದು ಒಂದು ಕಥೆಯಾಗಿದ್ದು, ಅದು ನಮ್ಮ ಕೈಯಿಂದಲೇ ನಮ್ಮ ಮಕ್ಕಳಿಗೆ ದಾಟುವುದಾದರೆ ಮಾತು ಬೇರೆ. ಆಗ ಅದು ನಡತೆಯ ಪ್ರಶ್ನೆಯಾಗುತ್ತದೆ.

1993ರಲ್ಲಿ ದೂರದರ್ಶನವು ಭಾನುವಾರ ಬೆಳಿಗ್ಗೆ 'ಜಂಗಲ್ ಬುಕ್' ಧಾರಾವಾಹಿಯನ್ನು ಹಿಂದಿಯಲ್ಲಿ ತೋರಿಸತೊಡಗಿತು. ತೋಳಗಳು ಸಾಕಿದ ಮೋಗ್ಲಿ ಎಂಬ ಹುಡುಗನ ಕಥೆ. ಅದು ಜಪಾನಿನಲ್ಲಿ ತಯಾರಾದ ಚಿತ್ರವೆಂದು ಅಂದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅಲ್ಲಿನ ನಿಪ್ಪಾನ್ ಆನಿಮೇಷನ್ ಸಂಸ್ಥೆ ಅದನ್ನು 52 ಕಂತುಗಳಲ್ಲಿ ತಯಾರಿಸಿತ್ತು. 1989ರ ಅಕ್ಟೋಬರ್‌ನಿಂದ ಒಂದು ವರ್ಷ ಕಾಲ ಜಪಾನಿನ ಮಕ್ಕಳು ಅದನ್ನು ನೋಡಿದ್ದರು. ಇಂಥ ಚಿತ್ರಗಳಿಗೆ ಅನಿಮೆ ಎಂಬ ಹೆಸರಿದೆ. ನಮ್ಮ ದೇಶಕ್ಕೆ ಬಂದಾಗ ಗುಲ್ಝಾರ್ ಅದಕ್ಕೆ ಹಾಡು ಬರೆದರು, ವಿಶಾಲ್ ಭಾರದ್ವಾಜ್ ರಾಗ ಹಾಕಿದರು, ನಾನಾ ಪಾಟೇಕರ್ ಹುಲಿಗೆ ಧ್ವನಿಯಾದರು. ಹೀಗೆ ಇಂಗ್ಲಿಷಿನವನು ಬರೆದ ಭಾರತದ ಕಥೆ ಜಪಾನನ್ನು ಸುತ್ತಿ, ಹಿಂದಿ ಮಾತನಾಡುತ್ತಾ, ಸೊಕ್ಕೆಯವರೆಗೆ ಬಂತು.

ಜಗಳೂರು ತಾಲೂಕಿನ ಸೊಕ್ಕೆ ಆಗ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಮಳೆ ಕೈಕೊಡುವ ಸೀಮೆ. ಟಿವಿ ಇದ್ದ ಮನೆಗಳು ಬೆರಳೆಣಿಕೆ, ಅವೂ ಕಪ್ಪು ಬಿಳುಪಿನವು. ಒಬ್ಬ ಮಾಳಿಗೆಯ ಮೇಲೆ ನಿಂತು ಆಂಟೆನಾ ತಿರುಗಿಸಬೇಕು, ಇನ್ನೊಬ್ಬ ಕೆಳಗಿನಿಂದ ಬಂತು, ಹೋಯ್ತು ಎಂದು ಕೂಗಬೇಕು. ಕರೆಂಟು ಹೋದರೆ ಟ್ರ್ಯಾಕ್ಟರಿನ ಬ್ಯಾಟರಿ ಹುಡುಕಬೇಕು. ಆ ಭಾನುವಾರಗಳಲ್ಲಿ ನಮಗೊಂದು ವಿಶೇಷ ಸ್ಥಾನವಿತ್ತು. ಮನೆಯಲ್ಲಿ ದಖ್ಖನಿ ಉರ್ದು ಆಡುವ ನಮ್ಮ ಮಕ್ಕಳಿಗೆ ಹಿಂದಿ ಮುಕ್ಕಾಲು ಪಾಲು ಅರ್ಥವಾಗುತ್ತಿತ್ತು. ಉಳಿದ ಮಕ್ಕಳಿಗೆ ಹುಲಿ ಏನೆಂದಿತು, ಕರಡಿ ಏನೆಂದಿತು ಎಂದು ಕನ್ನಡದಲ್ಲಿ ಹೇಳುವ ಕೆಲಸ ನಮ್ಮದು. ಅರ್ಥವಾಗದ ಕಡೆ ನಾವೇ ಕಟ್ಟಿ ಹೇಳುತ್ತಿದ್ದೆವು. ಊರಿನ ಅರ್ಧ ಮಕ್ಕಳು ನೋಡಿದ ಜಂಗಲ್ ಬುಕ್ ಬೇರೆಯೇ ಇದ್ದೀತು!

1992ರ ಡಿಸೆಂಬರ್ ಕಳೆದು ಬಹಳ ಕಾಲವಾಗಿರಲಿಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ದೊಡ್ಡವರು ರಾತ್ರಿ ರೇಡಿಯೋ ಹತ್ತಿರ ಕುಳಿತು ತಗ್ಗಿದ ದನಿಯಲ್ಲಿ ಮಾತನಾಡುತ್ತಿದ್ದ ದಿನಗಳವು. ಮಕ್ಕಳು ಮಾತ್ರ ಒಂದೇ ಕಿಟಕಿಗೆ ಮುಖವಿಟ್ಟು ಒಂದೇ ಹುಲಿಗೆ ಹೆದರುತ್ತಿದ್ದರು.

2020ರ ಮಾರ್ಚ್ 25ರಿಂದ ದೇಶಕ್ಕೆ ಬೀಗ ಬಿತ್ತು. ಏಪ್ರಿಲ್‌ನಲ್ಲಿ ದೂರದರ್ಶನವು ಹಳೆಯ ಧಾರಾವಾಹಿಗಳೊಂದಿಗೆ ಜಂಗಲ್ ಬುಕ್ಕನ್ನೂ ಮತ್ತೆ ತೋರಿಸಿತು. ಇಪ್ಪತ್ತೇಳು ವರ್ಷಗಳ ನಂತರ ಅದೇ ಹುಡುಗ ಅದೇ ಚಡ್ಡಿಯಲ್ಲಿ ಬಳ್ಳಿ ಹಿಡಿದು ಜೋಲಿದ. ನಾವು ಮಾತ್ರ ನರೆತಿದ್ದೆವು.

ದೊಡ್ಡವರ ಕಣ್ಣಿಗೆ ಕಂಡದ್ದೇನು? ಮೊದಲಿಗೆ, ಕಥೆ ನಿಧಾನ. ಓಡುವ ತೋಳದ ಅದೇ ಚಿತ್ರ ಎರಡೆರಡು ಬಾರಿ ಬರುತ್ತದೆ, ಹಿಂದಿನ ಬೆಟ್ಟ ಸರಿದದ್ದೇ ಮತ್ತೆ ಸರಿಯುತ್ತದೆ. ಮೋಗ್ಲಿಯ ಕೈಯಲ್ಲಿರುವ ಬೂಮರಾಂಗ್ ಆಸ್ಟ್ರೇಲಿಯದ ಮೂಲ ನಿವಾಸಿಗಳಿಂದ ಹೆಸರಾದ ಆಯುಧ. ಕಿಚಿ ಎಂಬ ಮುದ್ದು ಪ್ರಾಣಿ ಕೆಂಪು ಪಾಂಡಾ. ಅದು ಹಿಮಾಲಯದ ತಂಪಿನಲ್ಲಿ ಬದುಕುವಂಥದ್ದು, ಕಥೆ ನಡೆಯುವ ಮಧ್ಯಪ್ರದೇಶದ ಸಿವನಿ ಕಾಡಿನದ್ದಲ್ಲ. ಇವೆಲ್ಲ ನಗುವ ವಿಷಯಗಳು, ಅಷ್ಟಕ್ಕೇ ಬಿಡೋಣ. ನಗಲಾಗದ್ದು ಒಂದಿದೆ.

ನಮ್ಮ ಜೊತೆ ಕಿಟಕಿಯಲ್ಲಿ ನಿಲ್ಲುತ್ತಿದ್ದ ಗೆಳೆಯನೊಬ್ಬನ ಹೆಸರಿನ ಕೊನೆಗೆ ಖಾನ್ ಎಂದಿತ್ತು. ಸೋಮವಾರ ಶಾಲೆಯಲ್ಲಿ ಎಲ್ಲರೂ ಅವನನ್ನು ಶೇರ್ ಖಾನ್ ಎನ್ನುತ್ತಿದ್ದರು. ಅವನಿಗೆ ಅದು ಪದವಿಯಂತಿತ್ತು. ಒಂದು ಕಾಲು ಎಳೆದು ನಡೆದು ಗರ್ಜಿಸುತ್ತಿದ್ದ, ಮಿಕ್ಕವರು ಓಡುತ್ತಿದ್ದರು. ಈಗ ಅವನು ಬೇರೆ ಊರಿನಲ್ಲಿ ಅಂಗಡಿ ಇಟ್ಟಿದ್ದಾನೆ. 2020ರ ಏಪ್ರಿಲ್‌ನಲ್ಲಿ ಅವನ ಮಗಳು ಟಿವಿ ಮುಂದೆ ಕುಳಿತು, "ಅಬ್ಬಾ, ಎಲ್ಲರಿಗೂ ಬೇರೆ ಬೇರೆ ಹೆಸರಿದೆ. ಕೆಟ್ಟವನಿಗೆ ಮಾತ್ರ ನಮ್ಮ ಹೆಸರು ಯಾಕೆ?" ಎಂದು ಕೇಳಿದಳಂತೆ.

ಆ ವಾರಗಳನ್ನು ಓದುಗರು ಮರೆತಿರಲಾರರು. ಅದೇ ಟಿವಿಯ ಬೇರೆ ವಾಹಿನಿಗಳಲ್ಲಿ ರೋಗದ ಹೆಸರಿನ ಪಕ್ಕದಲ್ಲಿ ಒಂದು ಸಮುದಾಯದ ಹೆಸರನ್ನು ಹಗಲಿರುಳು ಓಡಿಸಲಾಗುತ್ತಿತ್ತು. ಆ ವರ್ಷದ ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠವು ತಬ್ಲೀಗ್ ಸಮಾವೇಶಕ್ಕೆ ಬಂದಿದ್ದ ವಿದೇಶಿಯರ ಮೇಲಿನ ಮೊಕದ್ದಮೆಗಳನ್ನು ರದ್ದುಪಡಿಸಿ, ಅವರನ್ನು ಬಲಿಪಶು ಮಾಡಲಾಯಿತೆಂಬ ಅಭಿಪ್ರಾಯವನ್ನು ದಾಖಲಿಸಿತು. ಆದರೆ ಆಗಸ್ಟ್‌ನ ತೀರ್ಪು ಏಪ್ರಿಲ್‌ನ ಮಗುವಿಗೆ ತಲುಪುವುದಿಲ್ಲ. ಆ ಮಗುವಿಗೆ ಅಂದೇ ಉತ್ತರ ಬೇಕಿತ್ತು.

ಏನು ಉತ್ತರ ಕೊಡಬೇಕು? ಸುಲಭದ ಉತ್ತರ ಎರಡಿವೆ. ಒಂದು, 'ಅದು ಬರೀ ಕಥೆ, ಸುಮ್ಮನೆ ನೋಡು' ಎನ್ನುವುದು. ಇನ್ನೊಂದು, 'ಅವರು ನಮ್ಮ ವೈರಿಗಳು, ಅದಕ್ಕೇ ಹಾಗೆ ಬರೆದರು' ಎಂದು ಟಿವಿ ಆರಿಸುವುದು. ಮೊದಲನೆಯದು ಮಗುವಿನ ಕಣ್ಣನ್ನು ಅವಮಾನಿಸುತ್ತದೆ, ಅವಳು ಕಂಡದ್ದು ಸುಳ್ಳಲ್ಲ. ಎರಡನೆಯದು ಪರಿಶೀಲಿಸದೆ ಕೊಟ್ಟ ತೀರ್ಪು. ಜನರ ಮೇಲಿನ ಹಗೆತನ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಆಶಯವನ್ನು ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳ ಮುಂದಿಟ್ಟಿದೆ. ನ್ಯಾಯವೆಂದರೆ ಮೊದಲು ವಿಷಯವನ್ನು ತಿಳಿಯುವುದು.

ತಿಳಿದು ನೋಡಿದರೆ ಚಿತ್ರ ಅಷ್ಟು ಸರಳವಾಗಿಲ್ಲ. ಕಥೆ ಬರೆದ ರುಡ್ಯಾರ್ಡ್ ಕಿಪ್ಲಿಂಗ್ 1865ರಲ್ಲಿ ಮುಂಬಯಿಯಲ್ಲಿ ಹುಟ್ಟಿದವನು. 'ಜಂಗಲ್ ಬುಕ್' ಪುಸ್ತಕ 1894ರಲ್ಲಿ ಹೊರಬಂದಾಗ ಅವನಿದ್ದದ್ದು ಅಮೆರಿಕದ ವರ್ಮಾಂಟ್‌ನಲ್ಲಿ. ಬಿಳಿಯರು ಉಳಿದವರನ್ನು ಆಳುವುದು ಅವರ ಹೊರೆ ಎಂದು ನಂಬಿ ಬರೆದವನು. ಜಲಿಯನ್‌ವಾಲಾ ಬಾಗ್‌ನ ಡೈಯರ್‌ಗಾಗಿ ಇಂಗ್ಲೆಂಡಿನಲ್ಲಿ ನಿಧಿ ಕೂಡಿಸಿದಾಗ ಹಣ ಕೊಟ್ಟವರಲ್ಲಿ ಅವನೂ ಒಬ್ಬ. ಅವನ ವಿಷಯದಲ್ಲಿ ನಮಗೆ ಮುಲಾಜು ಬೇಕಿಲ್ಲ. ಆದರೆ ಹೆಸರುಗಳನ್ನು ನೋಡಿ. ಬಾಲೂ ಎಂದರೆ ಕರಡಿ, ಹಾಥಿ ಎಂದರೆ ಆನೆ, ಅಕೇಲಾ ಎಂದರೆ ಒಂಟಿ. ಎಲ್ಲವೂ ಅವನು ಕೇಳಿದ ಹಿಂದುಸ್ತಾನಿ ಮಾತಿನಿಂದ ಎತ್ತಿಕೊಂಡವು. ಶೇರ್ ಎಂದರೆ ಹುಲಿ, ಖಾನ್ ಎಂದರೆ ಒಡೆಯ. ಹುಲಿ ತನ್ನನ್ನು ಕಾಡಿನ ಒಡೆಯನೆಂದು ಭಾವಿಸಿತ್ತು ಎಂಬಷ್ಟೇ ಅರ್ಥವನ್ನು ಅದಕ್ಕೆ ಹಚ್ಚಬಹುದು. ನಮ್ಮ ಚರಿತ್ರೆಯಲ್ಲಿ ಅದೇ ಬಿರುದು ಹೊತ್ತ ಮನುಷ್ಯನಿದ್ದ. ಫರೀದ್ ಎಂಬ ಯುವಕ ಹುಲಿಯನ್ನು ಕೊಂದು ಶೇರ್ ಖಾನ್ ಎನಿಸಿಕೊಂಡನೆಂದು ಚರಿತ್ರೆಕಾರರು ಬರೆದಿದ್ದಾರೆ. 1540ರಲ್ಲಿ ದೆಹಲಿಯ ಗದ್ದುಗೆ ಹಿಡಿದು ಶೇರ್ ಶಾ ಆದವನು ಅವನೇ. ರೂಪಾಯಿಗೆ ಆ ಹೆಸರು ನೆಲೆಗೊಂಡದ್ದು ಅವನು ಹೊರಡಿಸಿದ ಬೆಳ್ಳಿ ನಾಣ್ಯದಿಂದ.

ಆದ್ದರಿಂದ 1993ರಲ್ಲಿ ಗರ್ಜಿಸಿದ ಹುಡುಗನೂ ಸರಿ, 2020ರಲ್ಲಿ ನೊಂದ ಅವನ ಮಗಳೂ ಸರಿ. ಹೆಸರು ಅದೇ, ಅದರ ಸುತ್ತಲಿನ ಗಾಳಿ ಬೇರೆ. ಕಥೆಯನ್ನು ಬರೆದವನ ಪಾಪವನ್ನು ಕಥೆಯ ಮೇಲೂ, ಟಿವಿಯ ಸುದ್ದಿಗಾರರ ಪಾಪವನ್ನು ಬರೆದವನ ಮೇಲೂ ಹೊರಿಸಿದರೆ ಲೆಕ್ಕ ತಪ್ಪುತ್ತದೆ. ಮಗಳಿಗೆ ಹುಲಿಯ ಬಿರುದಿನ ಕಥೆ ಹೇಳಿ, ಆಮೇಲೆ, "ನೀನು ಕಂಡದ್ದು ನಿಜ. ಈಗಿನ ಗಾಳಿಯಲ್ಲಿ ಈ ಹೆಸರು ಹಾಗೆ ಕೇಳಿಸುತ್ತದೆ. ಹಾಗೆ ಕೇಳಿಸಬಾರದಿತ್ತು" ಎಂದೂ ಹೇಳಬೇಕು. ನನ್ನ ಗೆಳೆಯ ಅಷ್ಟನ್ನೂ ಹೇಳಿದನೋ ಇಲ್ಲವೋ, ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಧಾರಾವಾಹಿಯನ್ನು ಕೊನೆಯವರೆಗೆ ನೋಡಿದ.

ಕಿಪ್ಲಿಂಗನ ಪುಸ್ತಕದಲ್ಲಿ ಒಂದು ನಿಯಮವಿದೆ. ಮರಿಯೊಂದನ್ನು ಹಿಂಡಿಗೆ ಸೇರಿಸಿಕೊಳ್ಳುವ ಬಗ್ಗೆ ತಕರಾರು ಬಂದರೆ ಅದರ ತಂದೆತಾಯಿಗಳಲ್ಲದ ಇಬ್ಬರು ಎದ್ದು ಅದರ ಪರವಾಗಿ ಮಾತಾಡಬೇಕು. ಮನುಷ್ಯನ ಮಗುವಿಗಾಗಿ ಮೊದಲು ಎದ್ದದ್ದು ಕರಡಿ, ಆಮೇಲೆ ಕರಿಚಿರತೆ. ಎರಡೂ ತೋಳಗಳಲ್ಲ. ಮಕ್ಕಳಾಗಿದ್ದಾಗ ಈ ನಿಯಮ ನಮಗೆ ತಟ್ಟುವಂತಿರಲಿಲ್ಲ, ನಮಗೆ ಜಗಳ ಬೇಕಿತ್ತು. 2020ರ ಬೇಸಿಗೆಯಲ್ಲಿ ನಮ್ಮ ಸೀಮೆಯ ಒಂದು ಊರಿನಲ್ಲಿ ತರಕಾರಿ ಗಾಡಿಯವನೊಬ್ಬನನ್ನು ಬೀದಿಗೆ ಬರಬೇಡ ಎಂದರು. ಕಾರಣ ಅವನ ಗಡ್ಡ. ಆಗ ಆ ಬೀದಿಯ ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಬಳೆ ಮಾರುವ ಒಬ್ಬ ಅಮ್ಮ ಹೊರಗೆ ಬಂದು, ಇಪ್ಪತ್ತು ವರ್ಷದಿಂದ ಇವನ ಕೈಯ ಸೊಪ್ಪು ತಿಂದಿದ್ದೇವೆ, ಇವತ್ತೂ ತಿನ್ನುತ್ತೇವೆ ಎಂದರು. ಗಾಡಿ ಒಳಗೆ ಬಂತು. ಇಬ್ಬರು ಸಾಕಾಯಿತು. ಆ ಇಬ್ಬರೂ ಅವನ ಜಾತಿಯವರಲ್ಲ, ಮತದವರಲ್ಲ. ನಮ್ಮವರು ನಮ್ಮ ಪರವಾಗಿ ಮಾತಾಡುವುದು ಸಹಜ. ಪರರ ಮರಿಗಾಗಿ ಎದ್ದು ನಿಲ್ಲುವ ಕರಡಿಯ ಸರದಿ ನಮಗೂ ಬರುತ್ತದೆ. ಆಗ ನಾವು ಎದ್ದಿದ್ದೇವೆಯೇ ಎಂದು ನಮ್ಮ ಮೊಹಲ್ಲಾಗಳಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ.

ಟಿವಿಯನ್ನೇ ಒಪ್ಪದ ಹಿರಿಯರು ಅಂದು ನಮ್ಮಲ್ಲಿದ್ದರು, ಇಂದೂ ಇದ್ದಾರೆ. ಪ್ರಾಣಿಗಳು ಮಾತಾಡುವುದೆಂದರೇನು, ಸುಳ್ಳನ್ನು ಮಕ್ಕಳಿಗೆ ತೋರಿಸುವುದೇಕೆ ಎಂಬುದು ಅವರ ಆಕ್ಷೇಪ. ಅವರ ಕಾಳಜಿಯನ್ನು ತಳ್ಳಿಹಾಕುವಂತಿಲ್ಲ. ಆದರೆ ಹ. ಸುಲೈಮಾನ್(ಅ)ರ ದಂಡು ಬರುವಾಗ ಗೂಡು ಸೇರಿರೆಂದು ತನ್ನವರನ್ನು ಎಚ್ಚರಿಸಿದ ಇರುವೆಯ ಮಾತನ್ನು ನಾವು ಕುರ್‌ಆನ್‌ನಲ್ಲೇ ಓದುತ್ತೇವೆ. ಆ ಮಾತಿಗೆ ಪ್ರವಾದಿಯೊಬ್ಬರು ಮುಗುಳ್ನಕ್ಕರೆಂದೂ ಓದುತ್ತೇವೆ. ಭೂಮಿಯ ಮೇಲಿನ ಪ್ರಾಣಿಗಳೂ ರೆಕ್ಕೆ ಬಡಿಯುವ ಪಕ್ಷಿಗಳೂ ನಿಮ್ಮಂತೆಯೇ ಸಮುದಾಯಗಳು ಎಂಬ ಅರ್ಥದ ಮಾತೂ ಅಲ್ಲಿದೆ. ಹ. ಆಯಿಶಾ(ರ)ರ ಗೊಂಬೆಗಳ ನಡುವೆ ರೆಕ್ಕೆಯಿರುವ ಕುದುರೆಯನ್ನು ಕಂಡು ಪ್ರವಾದಿವರ್ಯರು(ಸ) ವಿಚಾರಿಸಿದಾಗ, ಸುಲೈಮಾನ್‌ರ ಕುದುರೆಗಳಿಗೆ ರೆಕ್ಕೆಗಳಿದ್ದವಲ್ಲವೇ ಎಂದು ಆಕೆ ಮರುಪ್ರಶ್ನೆ ಹಾಕಿದ್ದು, ಅವರು ಹಲ್ಲು ಕಾಣುವಂತೆ ನಕ್ಕದ್ದು ಹದೀಸ್‌ನಲ್ಲಿದೆ. ನಮ್ಮ ಪೂರ್ವಿಕರಲ್ಲಿ ಇಬ್ನುಲ್ ಮುಕಫ್ಫಾ ಎಂಟನೆಯ ಶತಮಾನದಲ್ಲಿ 'ಕಲೀಲ ವ ದಿಮ್ನ'ವನ್ನು ಅರಬಿಗೆ ತಂದರು. ಅದು ನಮ್ಮದೇ ಪಂಚತಂತ್ರದ ನರಿಗಳ ಕಥೆ. ಅದೇ ಪಂಚತಂತ್ರವನ್ನು ಹನ್ನೊಂದನೆಯ ಶತಮಾನದಲ್ಲಿ ದುರ್ಗಸಿಂಹ ಕನ್ನಡಕ್ಕೆ ತಂದ. ಪಾಠ ಮುಗಿಸಿ ಬಂದ ಮಗುವನ್ನು ಆಡಲು ಬಿಡದಿದ್ದರೆ ಅದರ ಮನಸ್ಸು ಸಾಯುತ್ತದೆ, ಬುದ್ಧಿ ಮೊಂಡಾಗುತ್ತದೆ ಎಂದು ಎಚ್ಚರಿಸಿದವರು ಇಮಾಮ್ ಗಝ್ಝಾಲಿ. ಹಿರಿಯರ ಆಕ್ಷೇಪದಲ್ಲಿ ಇಂದಿಗೂ ಉಳಿಯುವ ತಿರುಳು ಬೇರೆಯೇ ಇದೆ, ಅದು ಅಳತೆಯದ್ದು. ಅಂದು ವಾರಕ್ಕೆ ಒಂದು ಕಂತು. ಇಂದು ಒಂದು ಮುಗಿಯುವ ಮೊದಲೇ ಇನ್ನೊಂದು ತಾನಾಗಿ ಶುರುವಾಗುತ್ತದೆ, ಮಗು ಮೂಲೆಯಲ್ಲಿ ಒಂಟಿಯಾಗಿ ಕುಳಿತು ನೋಡುತ್ತದೆ.

ಹೀಗೆ ಬರೆಯುವಾಗಲೇ ಒಂದು ಎಚ್ಚರಿಕೆ ಬೇಕು. ಹಳೆಯದೆಲ್ಲ ಚಿನ್ನ ಎಂಬ ಧಾಟಿ ಬಹುಬೇಗ ಹತ್ತುತ್ತದೆ. ಆ ಕಿಟಕಿಯಲ್ಲಿ ಯಾರಿರಲಿಲ್ಲ ಎಂದೂ ಕೇಳಬೇಕು. ನಮ್ಮ ಆಪಾ ಇರಲಿಲ್ಲ. ಭಾನುವಾರ ಬೆಳಿಗ್ಗೆ ಬೋರಿನ ಮುಂದೆ ಕೊಡಗಳ ಸಾಲು, ಆ ಸಾಲಿನಲ್ಲಿ ಊರಿನ ಹೆಣ್ಣುಮಕ್ಕಳು. ಶೀರ್ಷಿಕೆ ಹಾಡು ಅಲ್ಲಿಗೆ ಕೇಳಿಸುತ್ತಿತ್ತು, ಆದ್ದರಿಂದ ಹಾಡು ಮಾತ್ರ ಆಕೆಗೆ ಬಾಯಿಪಾಠ. ಒಂದು ಕಂತನ್ನೂ ಪೂರ್ತಿ ನೋಡಿರಲಿಲ್ಲ. 2020ರಲ್ಲಿ, ನಲವತ್ತು ದಾಟಿದ ಮೇಲೆ, ತನ್ನ ಮಕ್ಕಳ ಜೊತೆ ಮೊದಲ ಬಾರಿ ನೋಡಿದಳು. ನಾಲ್ಕು ದಿನ ನೋಡಿ, "ಇಷ್ಟೇನಾ?" ಎಂದಳು. ನಾವೆಲ್ಲ ನಕ್ಕೆವು. ಆ ಪ್ರಶ್ನೆ ಬಹಳ ದಿನ ನನ್ನನ್ನು ಬಿಡಲಿಲ್ಲ. ನಾವು ಪ್ರೀತಿಸಿದ್ದು ಆ ಚಿತ್ರವನ್ನೇ ಆಗಿದ್ದರೆ ಆಕೆಗೂ ಅದು ಸಿಗಬೇಕಿತ್ತು. ಸಿಗಲಿಲ್ಲ. ನಾವು ನೋಡುತ್ತಿದ್ದದ್ದರಲ್ಲಿ ಅರ್ಧ ಪರದೆಯ ಮೇಲಿತ್ತು, ಅರ್ಧ ಹೆಗಲಿಗೆ ತಾಗಿ ನಿಂತ ಗೆಳೆಯರಲ್ಲಿತ್ತು. ಆ ಎರಡನೆಯ ಅರ್ಧವನ್ನು ಯಾವ ವಾಹಿನಿಯೂ ಮರುಪ್ರಸಾರ ಮಾಡಲಾರದು.

ಕಿಟಕಿಯಲ್ಲಿದ್ದವರಿಗೂ ಕಥೆ ಒಂದೇ ಆಗಿರಲಿಲ್ಲ. ಕುರಿ ಸಾಕುವ ಮನೆಯ ಹುಡುಗನೊಬ್ಬನಿಗೆ ಮೋಗ್ಲಿಯ ತೋಳಗಳು ಕೊನೆಯವರೆಗೂ ಹಿಡಿಸಲಿಲ್ಲ. ನಮ್ಮ ಬಯಲಿನಲ್ಲಿ ತೋಳವೆಂದರೆ ಹಟ್ಟಿಯಿಂದ ಮರಿ ಹೊತ್ತೊಯ್ಯುವ ಕಳ್ಳ. ಅದು ಮಗುವನ್ನು ಸಾಕುತ್ತದೆಂದರೆ ನಂಬುವುದು ಹೇಗೆ? ಮರಿ ಕಳೆದುಕೊಂಡ ರಾತ್ರಿ ಅವನಮ್ಮ ಅತ್ತದ್ದನ್ನು ಅವನು ಕಂಡಿದ್ದ. ಅವನ ನ್ಯಾಯವೂ ನ್ಯಾಯವೇ. ಇಂದು ಸೊಕ್ಕೆಯ ಸೀಮೆಯಲ್ಲಿ ಆ ಕಥೆಯ ಕೆಲವು ಪಾತ್ರಗಳು ನಿಜವಾಗಿಯೂ ಇವೆ, ಹುಲಿಯಿಲ್ಲ. ಕರಡಿಯಿದೆ, ಚಿರತೆಯಿದೆ. ಜಗಳೂರು ತಾಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡನ್ನು ಕೊಂಡುಕುರಿಗಾಗಿ 2011ರಲ್ಲಿ ಅಭಯಾರಣ್ಯ ಮಾಡಿದರು. ವಿಸ್ತೀರ್ಣ ಸುಮಾರು 77 ಚದರ ಕಿಲೋಮೀಟರ್. ನಾಲ್ಕು ಕೊಂಬಿನ, ನಾಚಿಕೆಯ ಈ ಪುಟ್ಟ ಪ್ರಾಣಿ ಭಾರತ, ನೇಪಾಳಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಕೆಂಪು ಪಾಂಡಾದ ಹೆಸರು ಬಲ್ಲ ನಮ್ಮ ಮಕ್ಕಳಿಗೆ ಮನೆ ಹಿಂದಿನ ಕೊಂಡುಕುರಿಯ ಹೆಸರು ಗೊತ್ತಿಲ್ಲವೆಂದರೆ, ಅದಕ್ಕೆ ಜಪಾನಿನವರನ್ನು ದೂರುವಂತಿಲ್ಲ.

ಎರಡನೆಯ ಬಾರಿ ನೋಡುವಾಗ ನನ್ನ ಕಣ್ಣು ಮೋಗ್ಲಿಯನ್ನು ಬಿಟ್ಟು ತಾಯಿ ತೋಳದ ಮೇಲೆ ನಿಂತಿತು. ಮಕ್ಕಳನ್ನು ಸಾಕಿದವರಿಗೆಲ್ಲ ಹೀಗೇ ಆಗುತ್ತದೋ ಏನೋ. ತನ್ನ ಹೊಟ್ಟೆಯಲ್ಲಿ ಹುಟ್ಟದ, ತನ್ನ ಜಾತಿಯದ್ದೇ ಅಲ್ಲದ ಮರಿಗಾಗಿ ಹುಲಿಯ ಎದುರು ನಿಂತವಳು. ಅವಳಿಗೆ ಗೊತ್ತು, ಈ ಹುಡುಗ ಒಂದು ದಿನ ಮನುಷ್ಯರ ಊರಿಗೆ ಹೋಗುವವನೇ. ಕೊನೆಗೆ ಅವನು ಹೋಗುತ್ತಾನೆ ಕೂಡ. ಅನಾಥನನ್ನು ಸಾಕು, ಆದರೆ ಅವನ ಮೂಲವನ್ನು ಅಳಿಸಬೇಡ, ಅವನನ್ನು ಅವನ ತಂದೆಯ ಹೆಸರಿನಿಂದಲೇ ಕರೆ ಎಂಬುದು ನಮಗೆ ಕಲಿಸಿದ ಶಿಸ್ತು. ಈ ಶಿಸ್ತು ಕೆಲವರಿಗೆ ಕಠಿಣವೆನಿಸುತ್ತದೆ. ಆ ತೋಳದ ಮುಖ ನೋಡಿದಾಗ ಅದರೊಳಗಿನ ಕರುಣೆ ಕಾಣುತ್ತದೆ. ತನ್ನದಾಗಿಸಿಕೊಳ್ಳದೆ ಸಾಕುವುದು ಹೆಚ್ಚು ಕಷ್ಟದ ಪ್ರೀತಿ.

ಪ್ರವಾದಿವರ್ಯರು(ಸ) ಸ್ವತಃ ಅನಾಥರು. ಎಳವೆಯನ್ನು ಬನೂ ಸಅದ್ ಗೋತ್ರದ ಹಲೀಮಾರ ಮಡಿಲಲ್ಲಿ, ಮರುಭೂಮಿಯಲ್ಲಿ ಕಳೆದವರು. ಹಿಜರಿ ಎಂಟರಲ್ಲಿ ಹುನೈನ್ ಯುದ್ಧದ ನಂತರ ಸೆರೆಯಾದವರಲ್ಲಿ ಹಲೀಮಾರ ಮಗಳು ಶೈಮಾ ಇದ್ದರು. ತಾನು ನಿಮ್ಮ ಹಾಲಿನ ಸಹೋದರಿ ಎಂದು ಆಕೆ ಗುರುತು ಹೇಳಿದಾಗ, ಅವರು ತಮ್ಮ ಹೊದಿಕೆಯನ್ನು ಹಾಸಿ ಕೂರಿಸಿದರೆಂದೂ, ನನ್ನೊಂದಿಗೆ ಗೌರವದಿಂದ ಇರಬಹುದು ಅಥವಾ ನಿನ್ನವರ ಬಳಿಗೆ ಮರಳಬಹುದು ಎಂದರೆಂದೂ ಚರಿತ್ರೆಕಾರರು ಬರೆಯುತ್ತಾರೆ. ಆಕೆ ತನ್ನವರ ಬಳಿಗೆ ಮರಳಿದರು, ಬರಿಗೈಯಲ್ಲಿ ಅಲ್ಲ. ಐವತ್ತಕ್ಕೂ ಹೆಚ್ಚು ವರ್ಷಗಳ ಹಿಂದಿನ ಬಾಲ್ಯ ಎದುರು ಬಂದು ನಿಂತಾಗ ಅದಕ್ಕೆ ಹೊದಿಕೆ ಹಾಸಿದ್ದನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಎದುರು ಪಕ್ಷದ ಡೇರೆಯಿಂದ ಬಂದವಳೆಂದು ಅವರು ಮುಖ ತಿರುಗಿಸಲಿಲ್ಲ. ಬಾಲ್ಯದವಳೆಂದು ಹಿಡಿದಿಟ್ಟುಕೊಳ್ಳಲೂ ಇಲ್ಲ.

ಕಾಡುಪ್ರಾಣಿ ಸಾಕಿದ ಮಗುವಿನ ಕಥೆ ನಮ್ಮ ಪರಂಪರೆಯಲ್ಲೂ ಇದೆ. ಕಿಪ್ಲಿಂಗನಿಗಿಂತ ಏಳುನೂರು ವರ್ಷ ಹಿಂದಿನದ್ದು. ಹನ್ನೆರಡನೆಯ ಶತಮಾನದಲ್ಲಿ ಅಂದಲೂಸಿನ ವೈದ್ಯರೂ ತತ್ವಜ್ಞಾನಿಯೂ ಆಗಿದ್ದ ಇಬ್ನ್ ತುಫೈಲ್ 'ಹಯ್ ಇಬ್ನ್ ಯಕ್ಝಾನ್' ಎಂಬ ಕಥೆ ಬರೆದರು. 1671ರಲ್ಲಿ ಅದು ಲ್ಯಾಟಿನ್ ಭಾಷೆಗೆ ಹೋಗಿ ಯೂರೋಪಿನ ಪಂಡಿತರ ಕೈ ಸೇರಿತು. ಜನರಿಲ್ಲದ ದ್ವೀಪದಲ್ಲಿ ಹಯ್ ಎಂಬ ಶಿಶುವಿಗೆ ಜಿಂಕೆಯೊಂದು ಹಾಲೂಡಿ ಸಾಕುತ್ತದೆ. ಮೋಗ್ಲಿಗೆ ಕಾಡು ನಿಯಮ ಕಲಿಸಿತು, ಹಯ್‌ಗೆ ಕಲಿಸುವವರಾರೂ ಇಲ್ಲ. ಅವನು ನೋಡಿ, ಹೋಲಿಸಿ, ಕೇಳಿ ಕಲಿಯುತ್ತಾನೆ, ಕೊನೆಗೆ ಸೃಷ್ಟಿಕರ್ತನ ಅರಿವಿನವರೆಗೆ ಹೋಗುತ್ತಾನೆ. ಅವನ ಮೊದಲ ದೊಡ್ಡ ಪ್ರಶ್ನೆ ಹುಟ್ಟುವುದು ಜಿಂಕೆ ಸತ್ತ ದಿನ. ಕರೆದರೆ ಓಗೊಡುತ್ತಿದ್ದ ತಾಯಿ ಓಗೊಡುವುದಿಲ್ಲ, ಕಣ್ಣಿಗೆ ಗಾಯವಿಲ್ಲ, ಕಿವಿಗೆ ಗಾಯವಿಲ್ಲ.

ಅದನ್ನು ಯಾರೂ 52 ಕಂತು ಮಾಡಿ ನಮ್ಮ ಮಕ್ಕಳಿಗೆ ತೋರಿಸಿಲ್ಲ. ಬಾಯಲ್ಲಿ ಹೇಳುವುದಕ್ಕೆ ಅಡ್ಡಿಯಿಲ್ಲವಲ್ಲ. ಮೋಗ್ಲಿ ಮುಗಿದ ವಾರ ಆಪಾಳ ಚಿಕ್ಕ ಮಗಳಿಗೆ ರಾತ್ರಿ ಹಾಸಿಗೆಯಲ್ಲಿ ನಾನು ಹೇಳತೊಡಗಿದೆ. ಹಯ್ ಜಿಂಕೆಯ ಎದೆಯನ್ನು ಬಿಡಿಸಿ ಹೃದಯವನ್ನು ನೋಡುತ್ತಾನೆ, ಅದರ ಬಲಗೋಣೆಯಲ್ಲಿ ಹೆಪ್ಪುಗಟ್ಟಿದ ರಕ್ತ, ಎಡಗೋಣೆ ಖಾಲಿ ಎಂದೆ. "ಮಾಮು, ಅಲ್ಲಿದ್ದದ್ದು ಎಲ್ಲಿಗೆ ಹೋಯಿತು?" ಎಂದು ಕೇಳಿದಳು. ಹಯ್ ಕೂಡ ಅದನ್ನೇ ಕೇಳಿದ, ನಾಳೆ ಹೇಳುತ್ತೇನೆ ಎಂದೆ. ಈಗಲೇ ಹೇಳು ಎಂದು ಎದ್ದು ಕುಳಿತಳು.